ಕಂಬ ಹಿಡಿಯುವವರು

ಹುಬ್ಬಳ್ಳಿ
ಒಳತಿಂಗಳ ಮೂವತ್ತಾರನೇ ದಿನ, ೨೧೮೯

ನಿಮ್ಮ ಕಾಲದ ತಾಯಿತಂದೆಯರಿಗೆ,

ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಬಿಸಿಲಿಗೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂರುವ ನಲವತ್ತು ದಿನಗಳನ್ನು ನಾವು ಒಳತಿಂಗಳು ಎನ್ನುತ್ತೇವೆ. ಇಂಥ ಪದಗಳು ಇನ್ನೂ ಒಂದೆರಡು ಬರುತ್ತವೆ, ದಯವಿಟ್ಟು ಸಹಿಸಿಕೊಳ್ಳಿ.

ಒಳತಿಂಗಳಲ್ಲಿ ದೊಡ್ಡವರು ಹಪ್ಪಳ ಲಟ್ಟಿಸುತ್ತೇವೆ, ಜಗಳವಾಡುತ್ತೇವೆ, ನಿದ್ದೆ ಹೊಡೆಯುತ್ತೇವೆ. ಮಕ್ಕಳು ಅಟ್ಟ ಹತ್ತುತ್ತಾರೆ. ಅಟ್ಟವೆಂದರೆ ಮನೆಯ ಅಟ್ಟವಲ್ಲ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಹೋಗುವ ಆಟದ ಲೋಕ. ಅಲ್ಲಿ ಐದಾರು ಮಕ್ಕಳು ಸೇರಿ ಒಂದು ಸೂರು ಕಟ್ಟುತ್ತಾರೆ. ಒಬ್ಬೊಬ್ಬರದು ಒಂದೊಂದು ಕಂಬ. ಗಾಳಿ ಎದ್ದಾಗ ಪ್ರತಿಯೊಬ್ಬರೂ ಎರಡೂ ಕೈ ಚಾಚಿ ತಮ್ಮ ಕಂಬ ಹಿಡಿಯಬೇಕು. ಒಬ್ಬರು ಬಿಟ್ಟರೂ ಎಲ್ಲರ ಸೂರು ಕುಸಿಯುತ್ತದೆ. ಆಟ ಮಾಡಿದ ಪುಣ್ಯಾತ್ಮರು ಗಾಳಿ ಎಬ್ಬಿಸುವುದು ಸರಿಯಾಗಿ ಮನೆಯವರು ಊಟಕ್ಕೆ ಕರೆಯುವ ಹೊತ್ತಿಗೆ. ಮಕ್ಕಳು ಗೆಳೆಯರನ್ನು ಬಿಟ್ಟು ಬರಲಾರರು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ನನಗೆ ಅವರ ಮೇಲೆ ಇಂದಿಗೂ ಮೈ ಉರಿಯುತ್ತದೆ.

ನನ್ನ ಅಣ್ಣ ರೇವಣಸಿದ್ಧನ ಮಗಳು ನೀಲವ್ವನಿಗೆ ಹದಿನೈದು ವರ್ಷ. ಈ ಒಳತಿಂಗಳ ಮೊದಲ ವಾರ ಅವಳು ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ. ರೊಟ್ಟಿ ಆರಿತು, ಪಲ್ಯ ಆರಿತು, ರೇವಣನ ಸಿಟ್ಟು ಮಾತ್ರ ಆರಲಿಲ್ಲ, ಕುದಿಯಿತು. ಹೋಗಿ ಅವಳ ಕಣ್ಣಪಟ್ಟಿ ಕಿತ್ತು ಬಿಸಾಡಿದ. ಆ ಕ್ಷಣವೇ ಅಟ್ಟದಲ್ಲಿ ವರ್ಷವಿಡೀ ಕಟ್ಟಿದ ಸೂರು ನೆಲಕ್ಕೆ ಬಿತ್ತು, ಗೆಳತಿಯರು ನೀಲವ್ವನನ್ನು ಗುಂಪಿನಿಂದ ಹೊರಹಾಕಿದರು. ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಕರೆದರೆ ಬರುತ್ತಿರಲಿಲ್ಲ, ಎದುರಿಗೆ ಸಿಕ್ಕರೆ ಗೋಡೆ ನೋಡುತ್ತಿದ್ದಳು. ದಿನದಿಂದ ದಿನಕ್ಕೆ ಊಟ ಕಡಿಮೆಯಾಗಿ ಹುಡುಗಿ ಕಡ್ಡಿಯಾದಳು. ಹೀಗೇ ಬಿಟ್ಟರೆ ಇವಳು ನಮಗೆ ದಕ್ಕುವುದಿಲ್ಲವೆಂದು ನನಗೆ ಭಯವಾಯಿತು.

"ಅಲ್ಲಿ ಯಾರದಾರ ಅಂತ ಹಿಂಗ ಕುಂತಾಳ? ಬರೇ ಬಣ್ಣದ ಗೊಂಬಿ," ಎಂದು ರೇವಣ ಗೊಣಗುತ್ತಲೇ ಇದ್ದ. ಅವನ ಪ್ರಶ್ನೆಯನ್ನು ನಾನು ಹೋಗಿ ಅವಳಿಗೇ ಕೇಳಿದೆ. "ಸಲ್ಮಾ ಅದಾಳ ಅತ್ತಿ, ವಿಜಯಪುರದಾಕಿ," ಎಂದು ಅತ್ತಳು.

ಮರುದಿನ ನಾನೇ ಪಟ್ಟಿ ಕಟ್ಟಿಕೊಂಡೆ. ಅಟ್ಟದಲ್ಲಿ ನನ್ನ ನಡಿಗೆ ಕಂಡು ಮಕ್ಕಳು ಬಿದ್ದು ಬಿದ್ದು ನಕ್ಕವು. ನಗಲಿ ಬಿಡಿ. ಬಾಗಿಲು ಬಾಗಿಲು ಬಡಿದು ಸಲ್ಮಾಳನ್ನು ಹುಡುಕಿದೆ. ನೀಲವ್ವನದು ತಪ್ಪಿಲ್ಲ, ಅವಳನ್ನು ಮತ್ತೆ ಸೇರಿಸಿಕೊಳ್ಳಿ, ಊಟದ ಹೊತ್ತಿಗೆ ಅವಳ ಕಂಬ ನಾನು ಹಿಡಿಯುತ್ತೇನೆ ಎಂದು ಕೇಳಿಕೊಂಡೆ. ಆ ಹುಡುಗಿ, "ನಂದೂ ಹಿಡೀತೀಯೇನ್ ಅತ್ತಿ? ನಾನೂ ಮುಂಜಾನಿಂದ ಉಂಡಿಲ್ಲ," ಎಂದಿತು.

ಒಂದು ಕಂಬಕ್ಕೇ ಎರಡು ಕೈ ಬೇಕು, ನನಗಿರುವುದು ಎರಡೇ. ಸಂಜೆಯೊಳಗೆ ನಮ್ಮ ಓಣಿಯ ಪ್ರತಿ ಮನೆಯವರಿಗೂ ಹೇಳಿ ಕಳಿಸಿದೆ. ಗೆಳತಿಯರು ನೀಲವ್ವನನ್ನು ಮತ್ತೆ ಸೇರಿಸಿಕೊಂಡರು. ಈಗ ಗಾಳಿ ಎದ್ದರೆ ದೊಡ್ಡವರು ಕಂಬ ಹಿಡಿಯುತ್ತೇವೆ, ಮಕ್ಕಳು ಇಳಿದು ಉಣ್ಣುತ್ತಾರೆ. ಉಂಡ ಮೇಲೆ ಕೆಲವರು ಹರಟುತ್ತಾ ಇಲ್ಲೇ ಉಳಿಯುತ್ತಾರೆ, ಕೆಲವರು ಕೈ ತೊಳೆದವರೇ ಮತ್ತೆ ಹತ್ತುತ್ತಾರೆ. ಊಟದ ಹೊತ್ತಿನ ಗಾಳಿ ನಿಲ್ಲುವವರೆಗೆ ಕೈ ಬಿಡುವುದಿಲ್ಲವೆಂದು ಆಟದ ಕಂಪನಿಗೂ ತಿಳಿಸಿದ್ದೇವೆ. ಅವರು ಉತ್ತರ ಕೊಟ್ಟಿಲ್ಲ. ಕೊಡುವವರೆಗೂ ಕೇಳುತ್ತೇವೆ.

ರೇವಣ ಮಾತ್ರ ಜಪ್ಪಯ್ಯ ಎಂದರೂ ಪಟ್ಟಿ ಮುಟ್ಟಲಿಲ್ಲ. ನೀಲವ್ವನೂ ಅವನ ಜೊತೆ ಮಾತಾಡಲಿಲ್ಲ. ನಿನ್ನೆ ಮಧ್ಯಾಹ್ನ ನನಗೆ ಜ್ವರ ಬಂದು ಮಲಗಿದ್ದೆ. ಗಾಳಿಯ ಹೊತ್ತಾಯಿತು. ರೇವಣ ನನ್ನ ತಲೆದಿಂಬಿನ ಬಳಿಯಿದ್ದ ಪಟ್ಟಿಯನ್ನು ತೆಗೆದುಕೊಂಡು ಪಡಸಾಲೆಗೆ ಹೋದ.

ಸ್ವಲ್ಪ ಹೊತ್ತಿಗೆ ನೀಲವ್ವ ತಾಟು ಹಿಡಿದು ಅಡುಗೆಮನೆಯಿಂದ ಬಂದಳು. ನಾನು ಮಲಗಿದ್ದಲ್ಲಿಂದಲೇ ಕಾಣುವ ಪಡಸಾಲೆಯಲ್ಲಿ ಅವಳಪ್ಪ ಕಣ್ಣು ಕಟ್ಟಿಕೊಂಡು, ಎರಡೂ ಕೈ ಮುಂದೆ ಚಾಚಿ, ಬೆವರಿಳಿಸುತ್ತಾ ನಿಂತಿದ್ದ. ಅವನೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವಳು ನಿಂತು ನೋಡಿದಳು. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದಳು.

"ಅಪ್ಪಾ, ಕೈ ಬಿಡಬ್ಯಾಡ. ಬಾಯಿ ತೆಗಿ."

ಅವನು ಬಾಯಿ ತೆರೆದ. ಪಟ್ಟಿಯ ಕೆಳಗಿಂದ ಕಣ್ಣೀರು ಇಳಿಯಿತು.

ನಿಮ್ಮ ಮನೆಯ ಮಗುವೂ ಯಾವುದೋ ಅಟ್ಟ ಹತ್ತಿ ಕೂತಿರಬಹುದು. ಕೈಯಲ್ಲಿರುವುದನ್ನು ಕಿತ್ತುಕೊಳ್ಳುವ ಮೊದಲು ಅಲ್ಲಿ ಜೊತೆಗೆ ಯಾರಿದ್ದಾರೆಂದು ಕೇಳಿ, ಹೆಸರು ಕೇಳಿ. ನನ್ನದು ಇದೊಂದೇ ಕೋರಿಕೆ. ಜ್ವರ ಇಳಿದಿದೆ. ವಿಜಯಪುರದ ಹುಡುಗಿ ಇನ್ನೂ ಉಂಡಿಲ್ಲ, ಅವಳ ಕಂಬ ಹಿಡಿಯಲು ನಾನು ಹೊರಟೆ.

ಇಂತಿ,
ಕಸ್ತೂರಿ ಹೊಸಕೇರಿ