ಸವತಿಯ ಕಾವಲು

ಗುರುವಾರ, ಬೆಳಿಗ್ಗೆ

ಕೆರೆಯ ಯಜಮಾನರಿಗೆ, ಅದರ ಹಂಗಾಮಿ ಕಾವಲುಗಾರ್ತಿಯಾದ ನಿಮ್ಮ ಹೆಂಡತಿಯ ನಮಸ್ಕಾರ.

ಫೋನು ಎತ್ತದವರಿಗೆ ಕಾಗದವೇ ಗತಿ. ಇದನ್ನು ಬಸ್ಸಿನ ಡ್ರೈವರ್ ಕೈಗೆ ಕೊಟ್ಟು, ನೀವಿರುವ ಲಾಡ್ಜಿಗೇ ಮುಟ್ಟಿಸಬೇಕೆಂದು ಹೇಳಿದ್ದೇನೆ.

ನಾನು ಮನೆ ಬಿಟ್ಟು ಅಣ್ಣನ ಹೊಲಿಗೆ ಅಂಗಡಿ ಸೇರಿದ ಮೇಲೆ ಒಂದು ದಿನವೂ ನೀವು ಬಾ ಎನ್ನಲಿಲ್ಲ. ಕೆರೆಯ ನೀರು ಇಳಿಸಿ, ಏರಿ ರಿಪೇರಿ ಮಾಡಿಸಿ ಎಂದು ನೋಟಿಸು ಬಂತು. ಅದನ್ನು ರದ್ದು ಮಾಡಿಸಲು ರಾಜಧಾನಿಗೆ ಹೊರಟಾಗ ಮಾತ್ರ ನನ್ನ ನೆನಪಾಯಿತು. "ದಿನಾ ಒಂದ್ಸಲ ಏರಿ ಮೇಲೆ ಓಡಾಡ್ಕೊಂಡ್ ಬಾ, ಅವಳನ್ನ ಒಬ್ಬಳೇ ಬಿಡೋಕಾಗಲ್ಲ" ಅಂದಿರಿ. ಅವಳು! ನಿಮ್ಮ ತಾತ ಮಣ್ಣು ಹೊತ್ತು ಕಟ್ಟಿದ ಏರಿ ನಿಮಗೆ 'ಅವಳು'. ನನ್ನನ್ನು ಯಾರಿಗಾದರೂ ತೋರಿಸುವಾಗ ಮಾತ್ರ 'ಮನೆಯವರು'.

ಹೊಟ್ಟೆಕಿಚ್ಚು ಎಂದೇ ಇಟ್ಟುಕೊಳ್ಳಿ. ಬಂದ ದಿನ ಏರಿ ನೋಡಿ ನನ್ನ ಹೊಟ್ಟೆ ಉರಿದುಹೋಯಿತು. ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದೀರಿ, ಬೇರು ಇಳಿಯಬಾರದೆಂದು ಒಂದು ಸಸಿಯನ್ನೂ ಉಳಿಸಿಲ್ಲ, ಹೆಗ್ಗಣದ ಬಿಲವನ್ನೆಲ್ಲ ತುಂಬಿಸಿದ್ದೀರಿ. ನಮ್ಮ ಅಡುಗೆಮನೆಯ ಸೂರು ಮಾತ್ರ ಇನ್ನೂ ಸೋರುತ್ತಿದೆ. ನಾನು ಜ್ವರದಲ್ಲಿ ಮಲಗಿದ್ದಾಗ, ಹೆಚ್ಚಿನ ನೀರು ಹರಿಯುವ ಕೋಡಿಗೆ ಕಸ ಸಿಕ್ಕಿದೆಯೆಂದು ಓಡಿದವರಲ್ಲವೇ ನೀವು?

ಏರಿಯ ಬುಡದಲ್ಲಿ ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡುವುದನ್ನು ಕಲಿಸಿದವರೂ ನೀವೇ. ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಹಳೇ ಮಣ್ಣಿನ ಏರಿ ಒಂದಿಷ್ಟು ಬೆವರುತ್ತದೆ. ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಈ ಸಲ ಲೋಟ ಒಡ್ಡಿದರೆ ಹಳೇ ಜಾಗದಲ್ಲಿ ಜಿನುಗೇ ಇಲ್ಲ. ಕೆದಕಿ ನೋಡಿದೆ. ಪರೀಕ್ಷೆಗೆ ಬಂದ ಎಂಜಿನಿಯರ್ ಮೇಡಂ ಕಣ್ಣಿಗೆ ಬೀಳದಿರಲೆಂದು ಜೇಡಿಮಣ್ಣು ಮೆತ್ತಿ, ಮೇಲೆ ಹುಲ್ಲಿನ ಹೆಂಟೆ ಕೂರಿಸಿದ್ದೀರಿ. ನನ್ನ ಗೊರಕೆಯನ್ನು ನೆಂಟರಿಗೆಲ್ಲ ಹೇಳಿ ನಕ್ಕವರು, ಅವಳ ಗಾಯವನ್ನು ಮಾತ್ರ ಮುಚ್ಚಿಟ್ಟಿರಿ.

ಮುಚ್ಚಿದರೆ ನೀರು ಸುಮ್ಮನಿರುತ್ತದೆಯೇ? ಬಲಮೂಲೆಯಲ್ಲಿ ಹೊಸ ದಾರಿ ಹುಡುಕಿಕೊಂಡಿದೆ. ಅಲ್ಲಿ ಹಿಡಿದ ಲೋಟ ಹಾಲು ಹಾಕಿದ ಚಹಾದಂತಿದೆ. ನೇರ ಕೆಳಗೆ ಬೇಕರಿಯವನ ಮನೆ, ಮಕ್ಕಳುಮರಿ ತುಂಬಿದ ಸಂಸಾರ. "ಅಕ್ಕಾ, ನೀವ್ ಬಂದ್ರಲ್ಲ, ಇನ್ನು ಧೈರ್ಯ" ಎಂದ.

ಅರ್ಜಿ ಬಿಟ್ಟು ಬನ್ನಿ. ನೀರು ಇಳಿಸಲು ಒಪ್ಪಿಗೆ ಕೊಡಿ. ನಿಮ್ಮ ಮಾತಿಲ್ಲದೆ ಅವಳ ಮೈಮುಟ್ಟುವವಳಲ್ಲ ನಾನು.

ಇಂತಿ,
ನಿಮ್ಮ ಕೈಹಿಡಿದವಳು

ತಾ.ಕ.: ಅವಳ ಮೈಮುಟ್ಟುವವಳಲ್ಲ ಎಂದದ್ದು ಸುಳ್ಳು. ನಿನ್ನೆಯೇ ಮೇಡಮ್ಮನ್ನು ಕರೆಸಿ ತೂಬಿನ ಗೇಟು ಎತ್ತಿಸಿದೆ. ಒಮ್ಮೆಲೇ ಬರಿದಾದರೆ ಏರಿಯ ಒಳಮೈ ಕುಸಿಯುತ್ತದಂತೆ, ಅದಕ್ಕೆ ನಿಧಾನವಾಗಿ ಬಿಡುತ್ತಿದ್ದಾರೆ. ಬೇಕರಿಯವನ ಸಂಸಾರವೆಲ್ಲ ದಿಬ್ಬದ ಮೇಲಿನ ನಮ್ಮ ಮನೆಯಲ್ಲಿದೆ. ಇದನ್ನು ಓದಿದ ಕೂಡಲೇ ನೀವು ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತೀರಿ, ಗೊತ್ತು. ಬಸ್ಸಿಳಿದು ಮನೆಗೆ ಬರದೆ ನೇರ ಏರಿಗೇ ಹೋಗುತ್ತೀರಿ, ಅದೂ ಗೊತ್ತು. ಅದಕ್ಕೇ ನಾನು ಅಲ್ಲೇ ಕೂತಿರುತ್ತೇನೆ.