ರೋಹಿಣಿಯ ಒಂದು ತಾಸು

ನಿರುದ್ಯೋಗದ ಅಂಕಿಗಳ ಹೊಣೆ ಹೊತ್ತ ಹಿರಿಯ ಅಧಿಕಾರಿಗಳೇ,

ನಿಮ್ಮ ಪಟ್ಟಿಯನ್ನು ನಂಬಿ ನನ್ನ ಮೊಮ್ಮಗಳು ಸೋಮವಾರ ತನ್ನ ಪಾಸ್‌ಪೋರ್ಟನ್ನು ಒಬ್ಬ ಏಜೆಂಟನ ಕೈಗೆ ಕೊಡಲಿದ್ದಾಳೆ. ಆ ಪಟ್ಟಿಯನ್ನು ನಂಬಲು ನನಗೆ ಭಯ. ಏಕೆಂದರೆ ಅಂಥ ಪಟ್ಟಿಗೆ ನಾನೂ ಒಂದು ಉತ್ತರ ಕೊಟ್ಟಿದ್ದೇನೆ.

ಬಾಗಲಕೋಟೆಯ ಉದ್ಯೋಗ ಮೇಳದಲ್ಲಿ ನೀವು ಏಷ್ಯಾದ ದೇಶಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಲ್ಲಿ ಎಷ್ಟು ಜನ ನಿರುದ್ಯೋಗಿಗಳು ಎಂದು ದೊಡ್ಡ ಫಲಕ ಬರೆಸಿದ್ದಿರಿ. ನಾವು ಎಷ್ಟೋ ದೇಶಗಳಿಗಿಂತ ಮೇಲು ಎಂದು ಚಪ್ಪಾಳೆ ಹೊಡೆಸಿಕೊಂಡಿರಿ. ಬಿ.ಕಾಂ. ಮುಗಿಸಿ ಮೂರು ವರ್ಷ ಬರೀ ಅರ್ಜಿ ಹಾಕಿದ ನಮ್ಮ ರೋಹಿಣಿ ಚಪ್ಪಾಳೆ ಹೊಡೆಯಲಿಲ್ಲ. ತೀರ ಸಣ್ಣ ಅಂಕಿ ಇದ್ದ ಒಂದು ದೇಶದ ಹೆಸರು ಬರೆದುಕೊಂಡು ಬಂದಳು. ಗೇಟಿನ ಹೊರಗೆ ಏಜೆಂಟನೂ ಅದೇ ಫಲಕದ ಫೋಟೊ ತೋರಿಸುತ್ತಿದ್ದನಂತೆ. ಕಂಪ್ಯೂಟರ್ ಮುಂದೆ ಕೂಡುವ ಕೆಲಸವಂತೆ. ಕಂಪನಿಯ ಹೆಸರು ವಿಮಾನ ಇಳಿದ ಮೇಲೆ ತಿಳಿಯುವುದಂತೆ!

ನಾನು ಬೇಡ ಎಂದೆ. "ಆಯಿ, ಅಲ್ಲಿ ಸಾವಿರ ಮಂದ್ಯಾಗ ಮೂರು ಮಂದಿಗಷ್ಟ ಕೆಲಸ ಇಲ್ಲ. ಆ ಮೂರರಾಗ ನಾನೇ ಬೀಳ್ತೇನೇನು?" ಎಂದಳು. ನಮ್ಮ ಮನೆಯಲ್ಲಿ ನನಗೆ ಎದುರಾಡುವವರಿಲ್ಲ. ಅಂದು ಆಕೆ ಎದುರಾಡಿದಳು.

ಆಮೇಲೆ ನೆನಪಾಯಿತು. ಹೋದ ವರ್ಷ ಸವಿತಾ ಎಂಬ ಹುಡುಗಿ ಟ್ಯಾಬ್ ಹಿಡಿದು ಇಳಕಲ್ಲಿನ ನಮ್ಮ ಮನೆಗೆ ಸಮೀಕ್ಷೆಗೆ ಬಂದಿದ್ದಳು. ಕೆಲಸವಿಲ್ಲದವರು ಯಾರಿದ್ದಾರೆ ಎಂದು ಕೇಳಿದಳು. ನಾನು ಮಗ್ಗದಿಂದ ಏಳದೆಯೇ, "ನಾವು ಬಸವಣ್ಣನ ಒಕ್ಕಲದವರು. ಈ ಮನಿಯಾಗ ಕಾಯಕ ಇಲ್ಲದ ಯಾರೂ ಉಣ್ಣಂಗಿಲ್ಲ" ಎಂದೆ. ಆಕೆ ರೋಹಿಣಿಯನ್ನು ತೋರಿಸಿ, "ಇವರು ಹ್ವಾದ ವಾರ ಒಂದು ತಾಸರೆ ಏನರೆ ಮಾಡ್ಯಾರೇನ್ರಿ?" ಎಂದಳು. ಮಾಡದೆ? ನನ್ನ ಮಗ್ಗದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಟ್ಟಿದ್ದಳು. ಹಾಗೆಯೇ ಹೇಳಿದೆ. ಸವಿತಾ ಬೆರಳು ಒತ್ತಿದಳು, ವಾರಕ್ಕೆ ಒಂದು ತಾಸು ದುಡಿದರೂ ಸಾಕೆಂಬ ನಿಮ್ಮ ಲೆಕ್ಕದಲ್ಲಿ ರೋಹಿಣಿ ಉದ್ಯೋಗಸ್ಥೆಯಾದಳು. ಯಾವ ಕಚೇರಿಯೂ ಕೊಡದ ನೌಕರಿಯನ್ನು ನಿಮ್ಮ ಟ್ಯಾಬ್ ಕೊಟ್ಟಿತು, ಪಗಾರವೊಂದನ್ನು ಬಿಟ್ಟು. ರೋಹಿಣಿ ತಲೆ ಎತ್ತಲಿಲ್ಲ. ನಾನು ಅದನ್ನು ವಿನಯ ಎಂದುಕೊಂಡೆ.

ಕೆಲಸವಿಲ್ಲ ಎಂದು ಪರರ ಮುಂದೆ ಹೇಳಲು ನನಗೆ ಅವಮಾನವಾಗಿತ್ತು. ನನ್ನಂಥ ಗರ್ವದ ಮುದುಕಿಯರು ಆ ದೇಶದಲ್ಲಿ ಇಲ್ಲವೆ? ಅಲ್ಲಿಯ ಅಂಕಿ ಸಣ್ಣದಾದದ್ದು ನೌಕರಿ ಹೆಚ್ಚಿದ್ದರಿಂದಲೋ, ಹೀಗೆ ಒತ್ತಿದ ಬೆರಳುಗಳಿಂದಲೋ? ರೋಹಿಣಿಯ ಪಾಸ್‌ಪೋರ್ಟನ್ನು ಕಸಿದು ಅಲ್ಲಿ ಯಾರು ಬೀಗ ಹಾಕಿ ಇಡುತ್ತಾರೋ? ಆಕೆ ಫೋನ್ ಎತ್ತದಿದ್ದರೆ, ಮ್ಯಾಟ್ರಿಕ್ ತನಕ ಓದಿದ ನಾನು ಯಾವ ಬಾಗಿಲು ಬಡಿಯಲಿ?

ಇದನ್ನೆಲ್ಲ ಆಕೆಗೆ ಹೇಳಿದೆ. "ಆವತ್ತ ನಂಗ ಕೆಲಸ ಐತಿ ಅಂದಿ, ಇವತ್ತ ಇಲ್ಲಂತೀ. ನಿನ್ನ ಯಾವ ಮಾತು ಹಿಡೀಲಿ, ಆಯಿ?" ಎಂದು ಒಳಗೆ ಹೋದಳು.

ಆದ್ದರಿಂದ ಸೋಮವಾರದೊಳಗೆ ನಮ್ಮ ಮನೆಗೆ ಬನ್ನಿ. ಆಕೆಯ ಎದುರಿನಲ್ಲೇ ನನ್ನ ಉತ್ತರವನ್ನು ಹೊಡೆದುಹಾಕಿ. ಆ ದೇಶದ ಸಾವಿರ ಜನರಲ್ಲಿ ಎಷ್ಟು ಜನರದು ಒಂದು ತಾಸಿನ ನೌಕರಿ ಎಂದು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಓಣಿಯ ಜನರನ್ನೆಲ್ಲ ಕರೆದು ನಾನೂ ಹೇಳುತ್ತೇನೆ: ನನ್ನ ಮೊಮ್ಮಗಳಿಗೆ ಕೆಲಸವಿಲ್ಲ.

ಇಂತಿ,
ನಿಮ್ಮ ಲೆಕ್ಕಕ್ಕೆ ಒಬ್ಬ ಉದ್ಯೋಗಸ್ಥೆಯನ್ನು ಧರ್ಮಕ್ಕೆ ಕೊಟ್ಟ
ಸಾವಿತ್ರೆವ್ವ, ಇಳಕಲ್ಲ