ತಗಡಿನ ಮೇಲೆ ಕೆಮ್ಮಣ್ಣಿನ ಪಟ್ಟಿ

ಚಿಗವ್ವಾ, ಇವತ್ತು ಸುಣ್ಣದ ವಾಸನೆಗೆ ನೀನು ಬಹಳ ನೆನಪಾದೆ.

ಬಾಗಲಗುಂಟೆಯಲ್ಲಿ ಫ್ಯಾಕ್ಟರಿ ಕೆಲಸದವರು ತಗಡಿನ ಕೋಣೆಗಳಲ್ಲಿ ಬಾಡಿಗೆಗಿದ್ದಾರೆ. ಸೆಕೆಗೆ ಕೂಸುಗಳ ಮೈತುಂಬ ಬೆವರುಸಾಲೆ. ಅದಕ್ಕೇ ಮಕ್ಕಳಿಗಾಗಿ ಕೆಲಸ ಮಾಡುವ ನಮ್ಮ ಸಂಸ್ಥೆಯವರೂ ಓಣಿಯ ಹುಡುಗಿಯರೂ ಸೇರಿ ಬೆಳಿಗ್ಗೆ ಚಾವಣಿಯ ತಗಡುಗಳಿಗೆಲ್ಲ ಸುಣ್ಣ ಬಳಿದೆವು. ಬಿಳುಪಿದ್ದರೆ ಒಳಗೆ ಅಷ್ಟು ಕಾಯುವುದಿಲ್ಲ. ಮುಗಿದ ಮೇಲೆ ನಾನು, ಸಸಿ ನೆಡಲು ಅಗೆದಿದ್ದ ಕೆಂಪು ಮಣ್ಣು ಕಲಸಿ, ನಮ್ಮ ಮನೆಯ ರೂಢಿಯಂತೆ ಅಂಚಿಗೆ ಪಟ್ಟಿ ಎಳೆಯತೊಡಗಿದೆ.

"ಅಲ್ಲಿ ಮೇಲೆ ಯಾರು ನೋಡ್ತಾರಮ್ಮ? ಸಾಕು, ಇಳಿ" ಎಂದು ಮಾಲೀಕ ಆಂಜಿನಪ್ಪ ಕೆಳಗಿನಿಂದ ಕೂಗಿದರು.

ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ, ಅಲ್ಲೇ ಬಾಡಿಗೆಗಿರುವ ಕೊಪ್ಪಳದ ಮುದುಕವ್ವ ಬಿಡಲಿಲ್ಲ. "ಎಳೀಲಿ ಬಿಡ್ರೀ. ಸುಣ್ಣ ಹಚ್ಚಿ ಪಟ್ಟಿ ಎಳೀದಿದ್ರ ಅದು ಮನಿ ಅನಸೂದಿಲ್ಲ."

ಮಧ್ಯಾಹ್ನ ಆ ಕೂಸು ಅಳದೆ ನಿದ್ದೆ ಹೋಯಿತು.

ಸುಣ್ಣಕ್ಕೆ ನನ್ನ ಅಂಗೈ ಒಡೆದಿದೆ, ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ, ಚಿಂತೆ ಮಾಡಬೇಡ. ದೀಪಾವಳಿಗೆ ರಜೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಗೋಡೆಗೆಲ್ಲ ಈ ಸಲ ನೀನೊಬ್ಬಳೇ ಸುಣ್ಣ ಹಚ್ಚಿಬಿಡು. ಪಟ್ಟಿ ಮಾತ್ರ ಎಳೆಯಬೇಡ. ನಾನು ಬರುವ ತನಕ ಹಾಗೇ ಇರಲಿ.

ನಿನ್ನ ಸುಮಂಗಲಾ